ಎಡಕ್ಕೊಂದು ಬಗೆ, ಬಲಕ್ಕೊಂದು ಬಗೆ: ಪುಟ್ಟ ರಿಮೋಟ್ ಕಾರಿನ ಸ್ಟೀರಿಂಗ್ ಮತ್ತು ಡಿಫರೆನ್ಷಿಯಲ್ ಸರಿಪಡಿಸುವ ಕ್ರಮ

ಅಂಗೈಯಲ್ಲಿ ಹಿಡಿಸುವ ರೇಡಿಯೋ ನಿಯಂತ್ರಿತ ಕಾರು ನೇರವಾಗಿ ಓಡಬೇಕಾದಲ್ಲಿ ಒಂದು ಬದಿಗೆ ಎಳೆಯತೊಡಗಿದರೆ, ಅಥವಾ ಬಲಕ್ಕೆ ಚುರುಕಾಗಿ ತಿರುಗುವ ಅದೇ ಕಾರು ಎಡಕ್ಕೆ ತಿರುಗಲು ಅರ್ಧ ಜಗುಲಿಯನ್ನೇ ಬಳಸಿಕೊಂಡರೆ, ನಮ್ಮಲ್ಲಿ ಬಹುತೇಕರ ಕೈ ಮೊದಲು ಹೋಗುವುದು ರಿಮೋಟಿನ ಟ್ರಿಮ್ ಗುಂಡಿಯತ್ತ, ಅಂದರೆ ಸ್ಟೀರಿಂಗಿನ ಮಧ್ಯಬಿಂದುವನ್ನು ತುಸು ಅತ್ತಿತ್ತ ಸರಿಸುವ ಗುಂಡಿಯತ್ತ. ಎರಡು ಬಾರಿ ಒತ್ತಿದಾಗ ಕಾರು ನೆಟ್ಟಗಾದಂತೆ ಕಾಣುತ್ತದೆ, ಮರುದಿನ ಮತ್ತೆ ಎಳೆಯುತ್ತದೆ, ಮತ್ತೆ ಒತ್ತುತ್ತೇವೆ. ಹೀಗೆ ಟ್ರಿಮ್ ಒಂದು ಕೊನೆಯನ್ನು ಮುಟ್ಟಿದ ಮೇಲೆ ಮೂಲ ದೋಷದ ಜೊತೆಗೆ ನಾವೇ ಸೇರಿಸಿದ ಇನ್ನೊಂದು ದೋಷವೂ ಕಾರಿನಲ್ಲಿ ಕುಳಿತಿರುತ್ತದೆ. ಟ್ರಿಮ್ ಇರುವುದು ಎಲ್ಲ ಯಾಂತ್ರಿಕ ಕೆಲಸ ಮುಗಿದ ಬಳಿಕ ಉಳಿಯುವ ಕೂದಲೆಳೆಯಷ್ಟು ವ್ಯತ್ಯಾಸವನ್ನು ತೆಗೆಯುವುದಕ್ಕೆ ಮಾತ್ರ.

ಈ ಲೇಖನದಲ್ಲಿ ನನ್ನ ಗಮನ ಇರುವುದು 1:28ರಿಂದ 1:18ರವರೆಗಿನ ಅಳತೆಯ (ನಿಜವಾದ ಕಾರಿನ 28ನೇ ಒಂದರಿಂದ 18ನೇ ಒಂದು ಭಾಗದಷ್ಟಿರುವ) ಕಾರುಗಳ ಮೇಲೆ: 1999ರಲ್ಲಿ ಜಪಾನಿನ ಕ್ಯೋಶೋ ಕಂಪನಿ ಹೊರತಂದ ಮಿನಿ-ಝಡ್ ಮಾದರಿಯ ಹಿಂಚಕ್ರ ಚಾಲನೆಯ ಕಾರುಗಳು, ಡಬ್ಲ್ಯೂಎಲ್‌ಟಾಯ್ಸ್ ಕೆ989ನಂತಹ ನಾಲ್ಕು ಚಕ್ರ ಚಾಲನೆಯ ಚೀನೀ ಕಾರುಗಳು, ಮತ್ತು ಇವುಗಳ ನಡುವಿನವು. ನಾನು ಇವನ್ನು ಓಡಿಸುವುದು ಮಲೆನಾಡಿನಲ್ಲಿ. ಮಳೆಗಾಲದಲ್ಲಿ ಹಳೆಯ ಮನೆಯ ರೆಡ್ ಆಕ್ಸೈಡ್ ನೆಲ, ಬೇಸಿಗೆಯಲ್ಲಿ ಅಡಿಕೆ ಒಣಗಿಸುವ ಸಿಮೆಂಟ್ ಅಂಗಳ. ಇವೆರಡಕ್ಕಿಂತ ಒಳ್ಳೆಯ ಟ್ರ್ಯಾಕ್ ನಮಗೆ ಬೇಕಿಲ್ಲ. ಆದರೆ ಬಿಡಿಭಾಗಗಳನ್ನು ನಾನು ಶಿವಮೊಗ್ಗಕ್ಕೆ ಕೊರಿಯರ್‌ನಲ್ಲಿ ತರಿಸಿಕೊಳ್ಳಬೇಕು, ಅಲ್ಲಿಂದ ಊರಿಗೆ ಬಸ್ಸಿನಲ್ಲಿ ತರಬೇಕು. ದೋಷವಿರುವುದು ಮುಂಚಕ್ರಗಳನ್ನು ಎಡ ಬಲಕ್ಕೆ ತಿರುಗಿಸುವ ಪುಟ್ಟ ಯಂತ್ರವಾದ ಸರ್ವೋದಲ್ಲೋ, ಎರಡು ಬದಿಯ ಚಕ್ರಗಳು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಜೋಡಣೆಯಾದ ಡಿಫರೆನ್ಷಿಯಲ್‌ನಲ್ಲೋ ಎಂಬುದನ್ನು ತಪ್ಪಾಗಿ ಊಹಿಸಿದರೆ ಹಣದ ಜೊತೆಗೆ ಹದಿನೈದು ದಿನವೂ ಹೋಗುತ್ತದೆ. ಆದ್ದರಿಂದ ರಿಪೇರಿಗಿಂತ ಮೊದಲು ಪತ್ತೆಯ ಕ್ರಮವನ್ನು ಹೇಳುತ್ತೇನೆ, ಮತ್ತು ಅದಕ್ಕೇ ಹೆಚ್ಚು ಜಾಗ ಕೊಡುತ್ತೇನೆ.

ಸಲಕರಣೆ

ಸಣ್ಣ ಸ್ಕ್ರೂಡ್ರೈವರ್‌ಗಳು, ಗಡಿಯಾರ ರಿಪೇರಿಯವರು ಬಳಸುವಂತಹ ಚಿಮಟ, ವರ್ನಿಯರ್ ಕ್ಯಾಲಿಪರ್, ಅಂಗೈಯಗಲದ ದಪ್ಪ ಗಾಜಿನ ತುಂಡು, 600 ನಂಬರಿನ ನೀರು ಕಾಗದ, ಮೊಬೈಲ್ ರಿಪೇರಿಯವರ ಬಳಿ ಸಿಗುವ ಐಸೊಪ್ರೊಪೈಲ್ ಆಲ್ಕೋಹಾಲ್, ಹೊಲಿಗೆ ಯಂತ್ರದ ಎಣ್ಣೆ, ಮತ್ತು ಡಿಫರೆನ್ಷಿಯಲ್‌ಗಾಗಿಯೇ ಮಾಡಿದ ಸಿಲಿಕೋನ್ ಗ್ರೀಸ್. ಅಂಚಿರುವ ಊಟದ ತಟ್ಟೆಯೊಂದರಲ್ಲಿ ಬಿಳಿ ಬಟ್ಟೆ ಹಾಸಿಕೊಂಡು ಅದರೊಳಗೇ ಕೆಲಸ ಮಾಡಬೇಕು. ಡಿಫರೆನ್ಷಿಯಲ್ ಒಳಗಿನ, ಸಾಸಿವೆಗಿಂತ ಚಿಕ್ಕ ಗುಂಡು ಕೆಂಪು ನೆಲದ ಮೇಲೆ ಉರುಳಿದರೆ ಮತ್ತೆ ಸಿಗುವುದಿಲ್ಲ. ಜಪಾನಿ ಕಾರುಗಳ ತಿರುಪಿನ ತಲೆ ಜೆಐಎಸ್ (ಜಪಾನಿನ ಕೈಗಾರಿಕಾ ಮಾನದಂಡ) ಮಾದರಿಯದು, ಸಾಮಾನ್ಯ ಫಿಲಿಪ್ಸ್ ಸ್ಕ್ರೂಡ್ರೈವರ್ ಅದರಲ್ಲಿ ಜಾರಿ ತಲೆಯನ್ನು ಸವೆಸುತ್ತದೆ. ಪೆಟ್ರೋಲ್, ಥಿನ್ನರ್, ಅಸಿಟೋನ್‌ಗಳನ್ನು ಪ್ಲಾಸ್ಟಿಕ್ ಭಾಗಗಳ ಹತ್ತಿರವೂ ತರಬೇಡಿ. ತಿರುಪು ಸಡಿಲವಾಗದಂತೆ ಹಾಕುವ ನೀಲಿ ಥ್ರೆಡ್‌ಲಾಕ್ ಕೂಡ ಲೋಹ ಲೋಹಕ್ಕೆ ಸೇರುವ ಕಡೆಗೆ ಮಾತ್ರ. ಎಬಿಎಸ್ ಮತ್ತು ಪಾಲಿಕಾರ್ಬೊನೇಟ್ ಪ್ಲಾಸ್ಟಿಕ್ ಅದರಿಂದ ಸೀಳು ಬಿಡುತ್ತದೆ.

ದೋಷ ಎಲ್ಲಿದೆ ಎಂದು ಹುಡುಕುವುದು

ಮೊದಲು ರಿಮೋಟಿನಲ್ಲಿ ಸ್ಟೀರಿಂಗ್ ಟ್ರಿಮ್ ಮತ್ತು ಸಬ್-ಟ್ರಿಮ್‌ಗಳನ್ನು ಸೊನ್ನೆಗೆ, ಸ್ಟೀರಿಂಗ್ ಒಟ್ಟು ಎಷ್ಟು ತಿರುಗಬೇಕೆಂದು ನಿರ್ಧರಿಸುವ ಡ್ಯುಯಲ್ ರೇಟ್ ಅನ್ನು ಪೂರ್ಣಕ್ಕೆ, ಮಧ್ಯದ ಸುತ್ತ ಸ್ಟೀರಿಂಗನ್ನು ಮಂದವಾಗಿಸುವ ಎಕ್ಸ್‌ಪೊ ಇದ್ದರೆ ಸೊನ್ನೆಗೆ ತನ್ನಿ. ಆಯಾ ಬದಿಗೆ ಸರ್ವೋ ತಿರುಗುವ ಕೊನೆಯ ಮಿತಿಗಳನ್ನು, ಅಂದರೆ ಎಡ ಬಲದ ಎಂಡ್ ಪಾಯಿಂಟ್‌ಗಳನ್ನು ಬೇರೆ ಬೇರೆಯಾಗಿ ಹೊಂದಿಸುವ ಸೌಲಭ್ಯವಿದ್ದರೆ ಎರಡನ್ನೂ ಸಮ ಮಾಡಿ. ಈ ಒಂದು ಕೆಲಸದಿಂದಲೇ ಮಾಯವಾಗುವ ದೋಷಗಳನ್ನು ನಾನು ಹಲವು ಸಲ ಕಂಡಿದ್ದೇನೆ, ಏಕೆಂದರೆ ಮಕ್ಕಳ ಕೈಗೆ ಹೋದ ರಿಮೋಟಿನಲ್ಲಿ ಯಾವ ಗುಂಡಿ ಎಲ್ಲಿ ತಿರುಗಿರುತ್ತದೆ ಎಂದು ಹೇಳಲಾಗದು. ಬ್ಯಾಟರಿ ಪೂರ್ತಿ ಚಾರ್ಜ್ ಆಗಿರಲಿ.

ಎರಡನೆಯದಾಗಿ, ಕಾರನ್ನು ಆಫ್ ಮಾಡಿ, ಸುಲಭವಾಗಿ ಬಿಚ್ಚಲು ಬರುವುದಾದರೆ ಮೋಟಾರನ್ನು ಹೊರತೆಗೆದು, ಮುಂಚಕ್ರಗಳನ್ನು ಕಣ್ಣಳತೆಯಲ್ಲಿ ನೆಟ್ಟಗೆ ಮಾಡಿ, ನೆಲದ ಮೇಲೆ ಮೆಲ್ಲನೆ ತಳ್ಳಿಬಿಡಿ. ಮಲೆನಾಡಿನ ಹಳೆಯ ಮನೆಗಳಲ್ಲಿ ಒಂದು ಎಚ್ಚರ ಬೇಕು: ತೊಳೆದ ನೀರು ಹರಿದುಹೋಗಲೆಂದು ನೆಲವನ್ನು ಒಂದು ಕಡೆಗೆ ಇಳಿಜಾರಾಗಿಯೇ ಮಾಡಿರುತ್ತಾರೆ. ಆದ್ದರಿಂದ ಅದೇ ಗೆರೆಯ ಮೇಲೆ ಎರಡೂ ದಿಕ್ಕಿನಿಂದ ತಳ್ಳಿ ನೋಡಬೇಕು. ಎರಡು ಸಲವೂ ಕಾರು ಒಂದೇ ಗೋಡೆಯ ಕಡೆಗೆ ಹೋದರೆ ದೋಷ ನೆಲದ್ದು. ಎರಡು ಸಲವೂ ತನ್ನದೇ ಎಡಗಡೆಗೆ ಹೋದರೆ ದೋಷ ಕಾರಿನದು.

ಶಕ್ತಿಯಿಲ್ಲದೆ ಉರುಳುವಾಗಲೇ ಎಳೆಯುವ ಕಾರಿನಲ್ಲಿ ರಿಮೋಟ್, ಸರ್ಕಿಟ್ ಬೋರ್ಡ್‌ಗಳನ್ನು ಅನುಮಾನಿಸಬೇಕಾಗಿಲ್ಲ. ಅಂತಹ ಎಳೆತಕ್ಕೆ ಕಾರಣ ಬಿಗಿಯಾದ ಬೇರಿಂಗ್, ಸಮವಿಲ್ಲದ ಟೈರು, ಬಾಗಿದ ಆಕ್ಸಲ್, ತಿರುಚಿದ ಚಾಸಿ, ಇಲ್ಲವೇ ಒಂದು ಚಕ್ರ ಮಾತ್ರ ಹೊರಕ್ಕೆ ತಿರುಗಿರುವುದು. ಕಾರನ್ನು ಎತ್ತಿ ಹಿಡಿದು ಒಂದೊಂದೇ ಚಕ್ರವನ್ನು ಬೆರಳಿನಿಂದ ತಿರುಗಿಸಿ ನೋಡಿ. ಮೋಟಾರಿಗೆ ಸೇರದ ಚಕ್ರ ಎರಡು ಮೂರು ಸೆಕೆಂಡಾದರೂ ತಿರುಗಬೇಕು. ನನ್ನ ಕಾರೊಂದು ಒಮ್ಮೆ ಮೂರು ವಾರ ಎಡಕ್ಕೆ ಎಳೆಯಿತು. ನಾನು ಸರ್ವೋ ಬಿಚ್ಚಿದೆ, ಸರ್ವೋವನ್ನು ಮುಂಚಕ್ರಗಳಿಗೆ ಜೋಡಿಸುವ ಟೈ ರಾಡ್ ಎಂಬ ಕಡ್ಡಿಯನ್ನು ಬದಲಿಸಿದೆ, ಹೊಸ ಸರ್ವೋ ತರಿಸುವುದರಲ್ಲಿದ್ದೆ. ಕೊನೆಗೆ ಎಡ ಮುಂಚಕ್ರವನ್ನು ತೆಗೆದಾಗ ಬೇರಿಂಗ್ ಮತ್ತು ಚಕ್ರವನ್ನು ಹೊತ್ತು ಎಡ ಬಲಕ್ಕೆ ತಿರುಗುವ ತುಂಡಾದ ನಕಲ್‌ನ ನಡುವೆ ಅಡಿಕೆ ಸಿಪ್ಪೆಯ ನಾರು ಬಿಗಿಯಾಗಿ ಸುತ್ತಿಕೊಂಡಿತ್ತು. ಅಂಗಳದಲ್ಲಿ ಓಡಿಸುವವರು ಇದನ್ನು ಮೊದಲು ನೋಡಬೇಕು. ಮನೆಯೊಳಗೆ ಓಡಿಸುವವರು ತಲೆಕೂದಲನ್ನು ಹುಡುಕಬೇಕು.

ಉರುಳಿಸಿದಾಗ ನೇರ ಹೋದರೆ ಮೂರನೆಯ ಪರೀಕ್ಷೆ. ಕಾರನ್ನು ಚಾಲೂ ಮಾಡಿ, ಸ್ಟೀರಿಂಗ್ ಮುಟ್ಟದೆ, ಮೊದಲು ನಿಧಾನವಾಗಿ ಓಡಿಸಿ, ಆಮೇಲೆ ಥ್ರಾಟಲ್ ಬಿಟ್ಟು ತಾನೇ ಉರುಳಲು ಬಿಡಿ, ಆಮೇಲೆ ಒಮ್ಮೆಲೇ ವೇಗ ಕೊಡಿ, ಕೊನೆಗೆ ಬ್ರೇಕ್ ಹಾಕಿ. ನಾಲ್ಕರಲ್ಲೂ ಒಂದೇ ಬದಿಗೆ ಎಳೆದರೆ ಸ್ಟೀರಿಂಗ್ ಮಧ್ಯದಲ್ಲಿ ನಿಂತಿಲ್ಲ ಎಂದರ್ಥ. ವೇಗ ಕೊಟ್ಟಾಗ ಒಂದು ಬದಿಗೆ, ಬ್ರೇಕ್ ಹಾಕಿದಾಗ ಇನ್ನೊಂದು ಬದಿಗೆ ಎಳೆದರೆ ಸ್ಟೀರಿಂಗನ್ನು ಬಿಟ್ಟುಬಿಡಿ. ದೋಷ ಹಿಂದಿನ ಆಕ್ಸಲ್‌ನಲ್ಲಿ, ಡಿಫರೆನ್ಷಿಯಲ್‌ನಲ್ಲಿ ಅಥವಾ ಮೋಟಾರಿನ ತಿರುಚುವ ಬಲಕ್ಕೆ ಬಾಗುತ್ತಿರುವ ಚಾಸಿಯಲ್ಲಿದೆ. ಮಿನಿ-ಝಡ್ ಮಾದರಿಯ ಕಾರುಗಳಲ್ಲಿ ಹಿಂದಿನ ಮೋಟಾರು ಭಾಗವನ್ನು ಚಾಸಿಗೆ ಸೇರಿಸುವ ತೆಳುವಾದ ಟಿ-ಪ್ಲೇಟ್ ಸೀಳಿದ್ದರೆ ಇದೇ ಲಕ್ಷಣ ಕಾಣುತ್ತದೆ, ಮತ್ತು ಆ ಸೀಳು ಪ್ಲೇಟನ್ನು ಬಾಗಿಸಿ ನೋಡುವವರೆಗೆ ಕಣ್ಣಿಗೆ ಬೀಳುವುದಿಲ್ಲ.

ನಾಲ್ಕನೆಯದು ವೃತ್ತದ ಪರೀಕ್ಷೆ. ಸೀಮೆಸುಣ್ಣದಿಂದ ಒಂದು ಗುರುತು ಹಾಕಿ, ಸ್ಟೀರಿಂಗನ್ನು ಪೂರ್ತಿ ಬಲಕ್ಕೆ ಹಿಡಿದು ನಡಿಗೆಯ ವೇಗದಲ್ಲಿ ಒಂದು ಸುತ್ತು ಹಾಕಿಸಿ ವ್ಯಾಸವನ್ನು ಅಳೆಯಿರಿ, ಹಾಗೆಯೇ ಎಡಕ್ಕೆ. ಮುಂದಿನ ಮತ್ತು ಹಿಂದಿನ ಆಕ್ಸಲ್‌ಗಳ ನಡುವಿನ ಅಂತರ, ಅಂದರೆ 94 ಮಿ.ಮೀ. ವೀಲ್‌ಬೇಸ್ ಇರುವ ಕಾರಿನ ಮುಂಚಕ್ರ 20 ಡಿಗ್ರಿ ತಿರುಗಿದರೆ ವೃತ್ತದ ವ್ಯಾಸ ಲೆಕ್ಕದ ಪ್ರಕಾರ ಸುಮಾರು 52 ಸೆಂ.ಮೀ. ಬರುತ್ತದೆ. ನಿಮ್ಮ ಅಳತೆ ಇದಕ್ಕಿಂತ ಹೆಚ್ಚೇ ಇದ್ದೀತು, ಅದು ಮುಖ್ಯವಲ್ಲ. ಎಡ ಬಲಗಳ ನಡುವಿನ ಅಂತರ ಮುಖ್ಯ. ಇದೇ ಪರೀಕ್ಷೆಯನ್ನು ಮೋಟಾರು ತೆಗೆದು, ಚಕ್ರಗಳನ್ನು ಪೂರ್ತಿ ತಿರುಗಿಸಿ, ಕೈಯಿಂದ ತಳ್ಳಿಯೂ ಮಾಡಿ. ಕೈಯಿಂದ ತಳ್ಳಿದಾಗ ವೃತ್ತಗಳು ಸಮ ಬಂದು, ಮೋಟಾರಿನಿಂದ ಓಡಿಸಿದಾಗ ಮಾತ್ರ ಬೇರೆಯಾದರೆ, ಸ್ಟೀರಿಂಗಿನ ವೇಷ ಹಾಕಿಕೊಂಡ ಡಿಫರೆನ್ಷಿಯಲ್ ದೋಷ ಸಿಕ್ಕಿತು ಎಂದು ತಿಳಿಯಬಹುದು.

ಸ್ಟೀರಿಂಗ್ ಸರಿಪಡಿಸುವುದು

ಸರ್ವೋಗೆ ರಿಸೀವರ್ ಕಳಿಸುವುದು ಒಂದು ಸೆಕೆಂಡಿಗೆ ಸಾಮಾನ್ಯವಾಗಿ 50 ಸಲ ಬರುವ ಪುಟ್ಟ ವಿದ್ಯುತ್ ಮಿಡಿತ. ಆ ಮಿಡಿತ 1500 ಮೈಕ್ರೋಸೆಕೆಂಡ್ ಉದ್ದವಿದ್ದರೆ ಸರ್ವೋ ಮಧ್ಯಕ್ಕೆ ಬರುತ್ತದೆ, 1000ದ ಕಡೆಗೆ ಇಳಿದರೆ ಒಂದು ಬದಿಗೆ, 2000ದ ಕಡೆಗೆ ಏರಿದರೆ ಇನ್ನೊಂದು ಬದಿಗೆ ತಿರುಗುತ್ತದೆ. ತಾನು ಎಲ್ಲಿದ್ದೇನೆ ಎಂದು ಸರ್ವೋ ತಿಳಿದುಕೊಳ್ಳುವುದು ಒಳಗಿನ, ತಿರುಗಿದಷ್ಟಕ್ಕೆ ವಿದ್ಯುತ್ ರೋಧ ಬದಲಾಗುವ ಪೊಟೆನ್ಶಿಯೊಮೀಟರಿನಿಂದ. ಅಗ್ಗದ ಕಾರುಗಳಲ್ಲಿ ಸರ್ವೋದ ವಿದ್ಯುನ್ಮಾನ ಭಾಗ ಮುಖ್ಯ ಬೋರ್ಡಿನಲ್ಲೇ ಇದ್ದು ಸರ್ವೋಗೆ 5 ತಂತಿ ಹೋಗಿರುತ್ತವೆ, ಎರಡು ಮೋಟಾರಿಗೆ, ಮೂರು ಪೊಟೆನ್ಶಿಯೊಮೀಟರಿಗೆ. ಕಾರನ್ನು ಚಾಲೂ ಮಾಡಿದೊಡನೆ ಚಕ್ರಗಳು ಒಂದು ಕೊನೆಗೆ ಹೋಗಿ ಗುಂಯ್ ಎಂದು ನಿಂತುಬಿಟ್ಟರೆ ಆ ಮೂರರಲ್ಲಿ ಒಂದು ಬೆಸುಗೆ ಬಿಟ್ಟಿರುವ ಸಾಧ್ಯತೆ ಹೆಚ್ಚು. ಮಧ್ಯದಲ್ಲಿ ನಿಲ್ಲದೆ ನಡುಗುತ್ತಿದ್ದರೆ ಪೊಟೆನ್ಶಿಯೊಮೀಟರಿನೊಳಗೆ ಧೂಳು ಹೊಕ್ಕಿದೆ ಅಥವಾ ಅದು ಸವೆದಿದೆ. ಎಲೆಕ್ಟ್ರಾನಿಕ್ ಕಾಂಟ್ಯಾಕ್ಟ್ ಕ್ಲೀನರಿನ ಒಂದು ಹನಿ ಬಿಟ್ಟು ಕೊನೆಯಿಂದ ಕೊನೆಗೆ ಹತ್ತು ಹದಿನೈದು ಸಲ ತಿರುಗಿಸಿ ನೋಡಿ.

ಸರ್ವೋ ಚೆನ್ನಾಗಿದ್ದರೆ ಮುಂದಿನ ಕೆಲಸ ಅದರ ತೋಳನ್ನು ನೆಟ್ಟಗೆ ಕೂರಿಸುವುದು. ಮೊದಲು ರಿಮೋಟ್, ಆಮೇಲೆ ಕಾರು ಚಾಲೂ ಮಾಡಿ. ಸರ್ವೋ ತೋಳಿನ ತಿರುಪನ್ನು ತೆಗೆದು, ತೋಳನ್ನು ಎಳೆದು ಹೊರತೆಗೆಯಿರಿ. ಸರ್ವೋ ತಾನೇ ಮಧ್ಯಕ್ಕೆ ಬಂದು ನಿಲ್ಲಲಿ. ಈಗ ತೋಳು ಟೈ ರಾಡ್‌ಗೆ ಲಂಬವಾಗಿ ನಿಲ್ಲುವಂತೆ, ಅತ್ಯಂತ ಹತ್ತಿರದ ಹಲ್ಲಿಗೆ ಕೂರಿಸಿ. 25 ಹಲ್ಲಿನ ಸರ್ವೋದಲ್ಲಿ ಒಂದು ಹಲ್ಲು ಎಂದರೆ 14.4 ಡಿಗ್ರಿ, 15 ಹಲ್ಲಿನ ಪುಟ್ಟ ಸರ್ವೋದಲ್ಲಿ 24 ಡಿಗ್ರಿ. ಆದ್ದರಿಂದ ಎಷ್ಟೇ ಎಚ್ಚರದಿಂದ ಕೂರಿಸಿದರೂ ತುಸು ಓರೆ ಉಳಿಯುತ್ತದೆ, ಆ ಉಳಿದಷ್ಟನ್ನು ಸಬ್-ಟ್ರಿಮ್‌ನಿಂದ ತೆಗೆಯಬಹುದು.

ಒಂದು ಹಲ್ಲು ತಪ್ಪಿದರೆ ಏನಾದೀತು ಎಂದು ಕೇಳುವವರಿಗೆ ಒಂದು ಲೆಕ್ಕ. 10 ಮಿ.ಮೀ. ಉದ್ದದ ತೋಳು 14.4 ಡಿಗ್ರಿ ಬಲಕ್ಕೆ ಓರೆಯಾಗಿದೆ, ಅದನ್ನು ಟೈ ರಾಡ್ ಉದ್ದ ಹೊಂದಿಸಿ ಮುಚ್ಚಿಹಾಕಲಾಗಿದೆ ಎಂದಿಟ್ಟುಕೊಳ್ಳಿ. ಸರ್ವೋ ಎರಡೂ ಕಡೆಗೆ 30 ಡಿಗ್ರಿ ತಿರುಗಿದಾಗ ತೋಳಿನ ತುದಿ ಒಂದು ಕಡೆಗೆ ಸುಮಾರು 4.5 ಮಿ.ಮೀ., ಇನ್ನೊಂದು ಕಡೆಗೆ ಸುಮಾರು 5.2 ಮಿ.ಮೀ. ಸರಿಯುತ್ತದೆ. ಕಾರು ನೇರವಾಗಿ ಚೆನ್ನಾಗಿಯೇ ಓಡುತ್ತದೆ, ಆದರೆ ತಿರುವಿನಲ್ಲಿ ಎಡಕ್ಕೊಂದು ಬಗೆ, ಬಲಕ್ಕೊಂದು ಬಗೆ. ಈ ದೋಷವನ್ನು ಯಾವ ಟ್ರಿಮ್ ಸರಿಮಾಡಲಾರದು.

ತೋಳಿನ ಕೆಲಸವಾದ ಮೇಲೆ ಟೈ ರಾಡ್. ಉದ್ದ ಬದಲಿಸಬಹುದಾದ ರಾಡ್ ಇದ್ದರೆ ಎಡ ಬಲ ಎರಡನ್ನೂ ವರ್ನಿಯರ್‌ನಿಂದ ಅಳೆದು ಸಮ ಮಾಡಿಕೊಂಡು, ಆಮೇಲೆ ಮುಂಚಕ್ರಗಳು ಒಂದಕ್ಕೊಂದು ಸಮಾನಾಂತರವಾಗಿ ಅಥವಾ ಕೂದಲೆಳೆಯಷ್ಟು ಹೊರಮುಖವಾಗಿ ಇರುವಂತೆ ಹೊಂದಿಸಿ. ಒಂದೇ ತುಂಡಿನ ಪ್ಲಾಸ್ಟಿಕ್ ರಾಡ್ ಆದರೆ ಅದರ ರಂಧ್ರಗಳು ಸವೆದು ಮೊಟ್ಟೆಯಾಕಾರವಾಗಿವೆಯೇ ಎಂದು ನೋಡುವುದಷ್ಟೇ ಉಳಿಯುತ್ತದೆ. ತಿರುವಿನಲ್ಲಿ ಒಳಚಕ್ರ ಹೊರಚಕ್ರಕ್ಕಿಂತ ಹೆಚ್ಚು ತಿರುಗಿ ನಿಂತಿದ್ದರೆ ಗಾಬರಿಪಡಬೇಡಿ. ಕುದುರೆಗಾಡಿಗಳ ಕಾಲದಲ್ಲಿ, 1818ರಲ್ಲಿ, ಜರ್ಮನಿಯ ಲಾಂಕೆನ್‌ಸ್ಪರ್ಗರ್ ಎಂಬ ಗಾಡಿ ತಯಾರಕನ ಪರವಾಗಿ ಆಕರ್‌ಮನ್ ಎಂಬಾತ ಇಂಗ್ಲೆಂಡಿನಲ್ಲಿ ಪೇಟೆಂಟ್ ಪಡೆದ ವ್ಯವಸ್ಥೆ ಇದು. ಕೆಲಸ ಮಾಡಿದವನ ಹೆಸರು ಮರೆತುಹೋಗಿ ಅರ್ಜಿ ಹಾಕಿದವನ ಹೆಸರು ಉಳಿದಿದೆ. ಪೂರ್ತಿ ಬಲಕ್ಕೆ ತಿರುಗಿಸಿದಾಗ ಬಲಚಕ್ರ ಎಷ್ಟು ತಿರುಗುತ್ತದೋ, ಪೂರ್ತಿ ಎಡಕ್ಕೆ ತಿರುಗಿಸಿದಾಗ ಎಡಚಕ್ರ ಅಷ್ಟೇ ತಿರುಗಬೇಕು. ಹೋಲಿಸಬೇಕಾದುದು ಈ ಎರಡನ್ನು.

ಕಿಂಗ್‌ಪಿನ್‌ಗಳ, ಅಂದರೆ ನಕಲ್ ತಿರುಗುವ ಲಂಬ ಪಿನ್ನುಗಳ, ವಿಚಾರವನ್ನು ಹೆಚ್ಚಿನವರು ಮರೆಯುತ್ತಾರೆ. ಬೇಸಿಗೆಯಲ್ಲಿ ನಮ್ಮ ಕಡೆಯ ಜಂಬಿಟ್ಟಿಗೆ ಮಣ್ಣಿನ ಕೆಂಪು ಧೂಳು, ಕಬ್ಬಿಣದ ಆಕ್ಸೈಡ್ ತುಂಬಿಕೊಂಡಿರುವ ಧೂಳು, ಪಿನ್ನಿನ ಮೇಲಿನ ಗ್ರೀಸಿಗೆ ಅಂಟಿ ಅರೆಯುವ ಪೇಸ್ಟಿನಂತಾಗುತ್ತದೆ. ಆಗ ನಕಲ್ ತಿರುಗಿದ ಕಡೆಗೇ ಸಿಕ್ಕಿಕೊಂಡು ಮಧ್ಯಕ್ಕೆ ಮರಳುವುದಿಲ್ಲ. ಬಲಕ್ಕೆ ತಿರುಗಿಸಿ ಬಿಟ್ಟಾಗ ಕಾರು ತುಸು ಬಲಕ್ಕೂ, ಎಡಕ್ಕೆ ತಿರುಗಿಸಿ ಬಿಟ್ಟಾಗ ತುಸು ಎಡಕ್ಕೂ ಓಡುತ್ತಿದ್ದರೆ ಕಾರಣ ಇದು, ಇಲ್ಲವೇ ಚಕ್ರಕ್ಕೆ ಬಿದ್ದ ಪೆಟ್ಟು ಸರ್ವೋಗೆ ತಾಗದಂತೆ ತಡೆಯುವ ಸರ್ವೋ ಸೇವರಿನ ಸ್ಪ್ರಿಂಗ್ ಸಡಿಲವಾಗಿರುವುದು. ಪಿನ್ ತೆಗೆದು, ಆಲ್ಕೋಹಾಲಿನಲ್ಲಿ ಒರೆಸಿ, ಗ್ರೀಸ್ ಹಚ್ಚದೆ ಒಣಗಿದ ಸ್ಥಿತಿಯಲ್ಲೇ ಅಥವಾ ಸೂಜಿಮೊನೆಯಷ್ಟು ಹೊಲಿಗೆ ಯಂತ್ರದ ಎಣ್ಣೆ ಮುಟ್ಟಿಸಿ ಮರಳಿ ಕೂರಿಸಿ. ಎಡ ಬಲದ ಸ್ಪ್ರಿಂಗ್‌ಗಳನ್ನು ಪಕ್ಕದಲ್ಲಿಟ್ಟು ಎತ್ತರ ಹೋಲಿಸಿ.

ಎಂಡ್ ಪಾಯಿಂಟ್ ಕೊನೆಯ ಕೆಲಸ. ಸ್ಟೀರಿಂಗನ್ನು ಪೂರ್ತಿ ಒಂದು ಬದಿಗೆ ಹಿಡಿದಾಗ ಸರ್ವೋ ಗುಂಯ್ ಎನ್ನುತ್ತಿದ್ದರೆ ಅದು ಚಾಸಿಯ ತಡೆಗೆ ಒತ್ತಿ ನಿಂತಿದೆ. ಸದ್ದು ನಿಲ್ಲುವವರೆಗೆ ಆ ಬದಿಯ ಅಂಕಿಯನ್ನು ಇಳಿಸಿ. ಆಮೇಲೆ ಇನ್ನೊಂದು ಬದಿಯನ್ನು ವೃತ್ತದ ಅಳತೆಗೆ ಸರಿಯಾಗಿ ಹೊಂದಿಸಿ. ದೊಡ್ಡ ವೃತ್ತವನ್ನು ಚಿಕ್ಕದು ಮಾಡಲು ಸಾಧ್ಯವಾಗದಿದ್ದರೆ ಚಿಕ್ಕದನ್ನು ದೊಡ್ಡದು ಮಾಡಿ ಸಮ ಮಾಡಿಕೊಳ್ಳಿ. ಎರಡೂ ಬದಿಗೆ ಒಂದೇ ರೀತಿ ವರ್ತಿಸುವ ಮಂದ ಕಾರನ್ನು ಓಡಿಸುವುದು, ಒಂದೇ ಬದಿಗೆ ಚುರುಕಾಗಿರುವ ಕಾರನ್ನು ಓಡಿಸುವುದಕ್ಕಿಂತ ಸುಲಭ ಎಂಬುದು ನನ್ನ ಅನುಭವ.

ಚಾಸಿಯ ತಿರುಚು

ಗಾಜಿನ ತುಂಡಿನ ಮೇಲೆ ಕಾರನ್ನಿಟ್ಟು, ಚಾಕುವಿನ ಮೊನೆಯನ್ನು ಮುಂಭಾಗದ ಸರಿಯಾದ ಮಧ್ಯದಲ್ಲಿ ಕೊಟ್ಟು ಮೆಲ್ಲನೆ ಎತ್ತಿ. ಎರಡೂ ಮುಂಚಕ್ರಗಳು ಒಟ್ಟಿಗೆ ಗಾಜನ್ನು ಬಿಡಬೇಕು. ಒಂದು ಮೊದಲೇ ಎದ್ದರೆ ಆ ಮೂಲೆಯ ಮೇಲೆ ಭಾರ ಕಡಿಮೆ ಇದೆ. ಹಿಂಭಾಗಕ್ಕೂ ಇದೇ ಪರೀಕ್ಷೆ. ಎಲ್ಲ ತಿರುಪುಗಳನ್ನು ಅರ್ಧ ಸುತ್ತು ಸಡಿಲಿಸಿ, ಚಾಸಿಯನ್ನು ಗಾಜಿಗೆ ಒತ್ತಿ ಹಿಡಿದುಕೊಂಡು, ಮೂಲೆಯಿಂದ ಎದುರು ಮೂಲೆಗೆ ಎಂಬಂತೆ ಮತ್ತೆ ಬಿಗಿ ಮಾಡಿದರೆ ಬಹುಪಾಲು ಇದು ಸರಿಯಾಗುತ್ತದೆ. ಸೆಲ್‌ಗಳು ಎರಡೂ ಬದಿಗೆ ಸಮವಾಗಿ ಕೂರುವ ಕಾರಿನಲ್ಲಿ ಒಂದೇ ಬ್ರಾಂಡಿನ, ಒಂದೇ ತೂಕದ ಸೆಲ್‌ಗಳನ್ನೇ ಬಳಸಿ.

ಡಿಫರೆನ್ಷಿಯಲ್

ಎತ್ತಿನ ಗಾಡಿಗೆ ಡಿಫರೆನ್ಷಿಯಲ್ ಬೇಕಿಲ್ಲ. ಅದರ ಎರಡು ಚಕ್ರಗಳೂ ಅಚ್ಚಿನ ಮೇಲೆ ತಮ್ಮಷ್ಟಕ್ಕೆ ತಿರುಗುತ್ತವೆ, ಎಳೆಯುವ ಶಕ್ತಿ ಎತ್ತುಗಳದ್ದೇ ಹೊರತು ಚಕ್ರದ್ದಲ್ಲ. ಆದ್ದರಿಂದ ಗಾಡಿ ತಿರುಗುವಾಗ ಹೊರಗಿನ ಚಕ್ರ ಹೆಚ್ಚು ಸುತ್ತು, ಒಳಗಿನದು ಕಡಿಮೆ ಸುತ್ತು ತಿರುಗಲು ಯಾವ ಅಡ್ಡಿಯೂ ಇಲ್ಲ. ಕಾರಿನಲ್ಲಿ ಎರಡೂ ಚಕ್ರಗಳನ್ನು ಒಂದೇ ಮೋಟಾರು ತಿರುಗಿಸಬೇಕು, ಆದರೂ ಅವು ಬೇರೆ ಬೇರೆ ವೇಗದಲ್ಲಿ ತಿರುಗಬೇಕು. ನಮ್ಮ ಪುಟ್ಟ ಕಾರಿನ ಹಿಂಚಕ್ರಗಳ ನಡುವೆ 60 ಮಿ.ಮೀ. ಅಂತರವಿದ್ದರೆ, ಒಂದು ಪೂರ್ತಿ ಸುತ್ತಿನಲ್ಲಿ ಹೊರಚಕ್ರ ಒಳಚಕ್ರಕ್ಕಿಂತ ಸುಮಾರು 38 ಸೆಂ.ಮೀ. ಹೆಚ್ಚು ಸಾಗಬೇಕು, ವೃತ್ತ ದೊಡ್ಡದಿರಲಿ ಚಿಕ್ಕದಿರಲಿ. 25 ಮಿ.ಮೀ. ವ್ಯಾಸದ ಟೈರಿಗೆ ಅದು ಹೆಚ್ಚುಕಡಿಮೆ ಐದು ಸುತ್ತು. ಆ ಐದು ಸುತ್ತುಗಳನ್ನು ಡಿಫರೆನ್ಷಿಯಲ್ ಬಿಟ್ಟುಕೊಡದಿದ್ದರೆ ಟೈರು ಉಜ್ಜಿಕೊಂಡು ಹೋಗುತ್ತದೆ, ಮುಂಚಕ್ರ ಎಷ್ಟೇ ತಿರುಗಿದ್ದರೂ ಕಾರು ನೇರಕ್ಕೇ ನುಗ್ಗುತ್ತದೆ.

ಇಲ್ಲಿ ಒಂದು ವಿಷಯವನ್ನು ಸ್ಪಷ್ಟಪಡಿಸಿಕೊಳ್ಳಬೇಕು. ಬಿಗಿಯಾದ ಡಿಫ್ (ಡಿಫರೆನ್ಷಿಯಲ್) ಎರಡೂ ಬದಿಗೆ ಸಮನಾಗಿಯೇ ತಿರುಗಲೊಲ್ಲದಂತೆ ಮಾಡುತ್ತದೆ. ತಾನಾಗಿ ಒಂದೇ ಬದಿಗೆ ಎಳೆಯುವುದಿಲ್ಲ. ಆದರೆ ಬಿಗಿ ಡಿಫ್ ಜೊತೆಗೆ ಟೈರುಗಳ ವ್ಯಾಸ ಬೇರೆಯಾಗಿದ್ದರೆ ಕಾರು ಚಿಕ್ಕ ಟೈರಿನ ಕಡೆಗೆ ಎಳೆಯುತ್ತದೆ, ಏಕೆಂದರೆ ಎರಡೂ ಚಕ್ರಗಳು ಸಮ ಸುತ್ತು ತಿರುಗಿದಾಗ ದೊಡ್ಡದು ಹೆಚ್ಚು ದೂರ ಹೋಗುತ್ತದೆ. ಡಿಫ್ ಸಲೀಸಾಗಿದ್ದಾಗ ಅದೇ ಟೈರುಗಳಿಂದ ಹೆಚ್ಚಿನ ತೊಂದರೆ ಕಾಣುವುದಿಲ್ಲ. ಹಾಗಾಗಿ ಡಿಫ್ ಬಿಚ್ಚುವ ಮೊದಲು ಎರಡೂ ಹಿಂದಿನ ಟೈರುಗಳ ವ್ಯಾಸವನ್ನು ವರ್ನಿಯರ್‌ನಿಂದ ಅಳೆಯಿರಿ, ಟೈರು ರಿಮ್ಮಿನ ಮೇಲೆ ಜಾರುತ್ತಿಲ್ಲ ಎಂಬುದನ್ನು ಖಚಿತಪಡಿಸಿಕೊಳ್ಳಿ, ಮತ್ತು ಮೋಟಾರಿನ ಪಿನಿಯನ್ (ಪುಟ್ಟ ಗೇರು) ತನ್ನ ಶಾಫ್ಟಿನ ಮೇಲೆ ಗಟ್ಟಿಯಾಗಿದೆಯೇ ನೋಡಿ.

ಬಾಲ್ ಡಿಫ್‌ನಲ್ಲಿ ಪಿನಿಯನ್ ತಿರುಗಿಸುವ ದೊಡ್ಡ ಸ್ಪರ್ ಗೇರಿನ ರಂಧ್ರಗಳೊಳಗೆ ಪುಟ್ಟ ಗುಂಡುಗಳು ಕೂತಿರುತ್ತವೆ. ಅವುಗಳನ್ನು ಎರಡು ಕಡೆಯಿಂದ ಎರಡು ನಯವಾದ ಲೋಹದ ಬಿಲ್ಲೆಗಳು ಒತ್ತಿ ಹಿಡಿದಿರುತ್ತವೆ, ಒಂದು ಬಿಲ್ಲೆ ಎಡಚಕ್ರಕ್ಕೆ, ಇನ್ನೊಂದು ಬಲಚಕ್ರಕ್ಕೆ ಸೇರಿದ್ದು. ಒತ್ತಡವನ್ನು ನಿರ್ಧರಿಸುವುದು ಒಂದು ನಟ್ ಅಥವಾ ತಿರುಪು. ಪರೀಕ್ಷೆ ಹೀಗೆ: ಎರಡೂ ಹಿಂಚಕ್ರಗಳನ್ನು ಗಟ್ಟಿಯಾಗಿ ಹಿಡಿದು ಹೆಬ್ಬೆರಳಿನಿಂದ ಸ್ಪರ್ ಗೇರನ್ನು ತಿರುಗಿಸಲು ನೋಡಿ. ಸುಲಭವಾಗಿ ತಿರುಗಿದರೆ ಡಿಫ್ ಸಡಿಲವಾಗಿದೆ. ಓಡಿಸುವಾಗ ಅದು ಕಿರುಚುತ್ತದೆ, ಬಿಲ್ಲೆಗಳಲ್ಲಿ ತೋಡು ಬೀಳುತ್ತದೆ. ಆಮೇಲೆ ಸ್ಪರ್ ಗೇರನ್ನು ಹಿಡಿದು ಒಂದು ಚಕ್ರವನ್ನು ತಿರುಗಿಸಿ. ಇನ್ನೊಂದು ಅದರ ವಿರುದ್ಧ ದಿಕ್ಕಿಗೆ, ಬೆಣ್ಣೆಯಲ್ಲಿ ಬೆರಳಾಡಿಸಿದಂತೆ ನುಣುಪಾಗಿ ತಿರುಗಬೇಕು. ಮರಳಿನ ಮೇಲೆ ಎಳೆದಂತೆ ಕರಕರ ಎಂದರೆ ಬಿಚ್ಚಿ ತೊಳೆಯಬೇಕು.

ಈ ಪರೀಕ್ಷೆಯನ್ನು ಹೆಚ್ಚಿನವರು ಒಂದೇ ದಿಕ್ಕಿಗೆ ಮಾಡಿ ಬಿಟ್ಟುಬಿಡುತ್ತಾರೆ. ಎರಡೂ ದಿಕ್ಕಿಗೆ, ಪ್ರತಿಯೊಂದಕ್ಕೂ ಇಪ್ಪತ್ತು ಮೂವತ್ತು ಸುತ್ತು ತಿರುಗಿಸಿ ನೋಡಿ. ಒಂದು ದಿಕ್ಕಿಗೆ ತಿರುಗಿಸುತ್ತ ಹೋದಂತೆ ಡಿಫ್ ಬಿಗಿಯಾಗುತ್ತ, ಇನ್ನೊಂದು ದಿಕ್ಕಿಗೆ ಸಡಿಲವಾಗುತ್ತ ಬಂದರೆ, ಎಡ ಬಲಕ್ಕೆ ಬೇರೆ ಬೇರೆಯಾಗಿ ತಿರುಗುವ ನಿಮ್ಮ ಕಾರಿನ ನಿಜವಾದ ಕಾರಣ ಸಿಕ್ಕಿತು. ಒತ್ತಡದ ತಿರುಪಿನ ತಲೆಯ ಕೆಳಗೆ ಥ್ರಸ್ಟ್ ಬೇರಿಂಗ್ ಎಂಬ ಪುಟ್ಟ ಭಾಗವಿದೆ. ಚಕ್ರಗಳು ಬೇರೆ ವೇಗದಲ್ಲಿ ತಿರುಗುವಾಗ ತಿರುಪು ಅವುಗಳ ಜೊತೆ ತಿರುಗದಂತೆ ಕಾಯುವುದು ಅದರ ಕೆಲಸ. ಮಳೆಗಾಲದ ಥಂಡಿಗೆ ಅದು ತುಕ್ಕು ಹಿಡಿದು ಸಿಕ್ಕಿಕೊಂಡರೆ, ಕಾರು ಒಂದು ಬದಿಗೆ ತಿರುಗಿದಾಗಲೆಲ್ಲ ತಿರುಪು ಕೂದಲೆಳೆಯಷ್ಟು ಬಿಗಿಯಾಗುತ್ತದೆ, ಇನ್ನೊಂದು ಬದಿಗೆ ತಿರುಗಿದಾಗ ಸಡಿಲವಾಗುತ್ತದೆ. ಟ್ರ್ಯಾಕಿನಲ್ಲಿ ಒಂದೇ ದಿಕ್ಕಿಗೆ ಸುತ್ತು ಹಾಕುವವರ ಕಾರಿನಲ್ಲಿ ಇದು ಹತ್ತು ನಿಮಿಷದೊಳಗೆ ಕಾಣಿಸುತ್ತದೆ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿ.ಮೀ.ಗೂ ಹೆಚ್ಚು ಮಳೆ ಸುರಿಯುವ ಸೀಮೆ ನಮ್ಮದು. ಆಷಾಢದಲ್ಲಿ ಪೆಟ್ಟಿಗೆಯೊಳಗಿಟ್ಟ ಕಾರನ್ನು ದೀಪಾವಳಿಗೆ ತೆಗೆದಾಗ ಈ ಬೇರಿಂಗ್ ಸಿಕ್ಕಿಕೊಂಡಿರುವುದು ವಿಶೇಷವೇನಲ್ಲ.

ಬಿಚ್ಚುವಾಗ ಪ್ರತಿ ಭಾಗವನ್ನು ತೆಗೆದ ಅನುಕ್ರಮದಲ್ಲೇ ಬಟ್ಟೆಯ ಮೇಲೆ ಸಾಲಾಗಿ ಇಡಿ, ಮೊಬೈಲಿನಲ್ಲಿ ಚಿತ್ರ ತೆಗೆದುಕೊಳ್ಳಿ. ಗುಂಡು, ಬಿಲ್ಲೆ, ಥ್ರಸ್ಟ್ ಬೇರಿಂಗ್ ಎಲ್ಲವನ್ನೂ ಆಲ್ಕೋಹಾಲಿನಲ್ಲಿ ಅದ್ದಿ ತೊಳೆದು ಒಣಗಿಸಿ. ಭೂತಗನ್ನಡಿಯಲ್ಲಿ ಗುಂಡುಗಳ ಮೇಲೆ ಚುಕ್ಕೆ ಅಥವಾ ಮಂಕು ಪಟ್ಟಿ ಕಂಡರೆ ಅಷ್ಟೂ ಗುಂಡುಗಳನ್ನು ಒಟ್ಟಿಗೆ ಬದಲಿಸಿ; ಒಂದೆರಡನ್ನು ಮಾತ್ರ ಬದಲಿಸಿದರೆ ದಪ್ಪ ಬೇರೆಯಾಗಿ ಒತ್ತಡ ಅವುಗಳ ಮೇಲೇ ಬೀಳುತ್ತದೆ. ಉಕ್ಕಿನ ಗುಂಡು ನಮ್ಮ ಹವೆಯಲ್ಲಿ ತುಕ್ಕು ಹಿಡಿಯುತ್ತದೆ, ಸೆರಾಮಿಕ್ ಗುಂಡು ಹಿಡಿಯುವುದಿಲ್ಲ. ಬೆಲೆ ಹೆಚ್ಚಾದರೂ ಮಲೆನಾಡಿನವರಿಗೆ ನಾನು ಹೇಳುವುದು ಸೆರಾಮಿಕ್ ಅನ್ನೇ. ಬಿಲ್ಲೆಯ ಮೇಲೆ ಉಂಗುರದಂತಹ ಗೆರೆ ಮೂಡಿದ್ದು ಉಗುರಿಗೆ ತಾಗದಿದ್ದರೆ, ಗಾಜಿನ ಮೇಲೆ 600 ನಂಬರಿನ ಕಾಗದವನ್ನು ಹಾಸಿ, ಬಿಲ್ಲೆಯನ್ನು ಬೆರಳಿನಿಂದ ಒತ್ತಿ, ಎಂಟರ ಅಂಕಿಯ ಆಕಾರದಲ್ಲಿ ಉಜ್ಜಿ ಸಮ ಮಾಡಬಹುದು. ಉಗುರಿಗೆ ತಾಗುವಷ್ಟು ಆಳದ ತೋಡಾಗಿದ್ದರೆ ಬಿಲ್ಲೆಯನ್ನು ತಿರುವಿ ಹಾಕಿ, ಎರಡೂ ಬದಿ ಸವೆದಿದ್ದರೆ ಹೊಸದು ತರಿಸಿ.

ಜೋಡಿಸುವಾಗ ಗುಂಡುಗಳಿಗೆ ಡಿಫ್‌ನ ಸಿಲಿಕೋನ್ ಗ್ರೀಸ್ ಮಾತ್ರ, ಅದೂ ತೆಳುವಾಗಿ. ಥ್ರಸ್ಟ್ ಬೇರಿಂಗಿಗೆ ಬೇರೆಯದೇ, ಮಾಲಿಬ್ಡಿನಮ್ ಇರುವ ಕಪ್ಪು ಗ್ರೀಸ್. ಇವೆರಡನ್ನು ಅದಲುಬದಲು ಮಾಡಬಾರದು, ಏಕೆಂದರೆ ಗುಂಡುಗಳು ಬಿಲ್ಲೆಯ ಮೇಲೆ ಜಾರದೆ ಉರುಳಬೇಕು, ಕಪ್ಪು ಗ್ರೀಸ್ ಅವನ್ನು ಜಾರಿಸುತ್ತದೆ. ನಮ್ಮಲ್ಲಿ ಕೈಗೆ ಸಿಗುವುದೆಂದು ಕೊಬ್ಬರಿ ಎಣ್ಣೆ ಹಾಕುವವರಿದ್ದಾರೆ. ಅದು ಸುಮಾರು 24 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಹೆಪ್ಪುಗಟ್ಟುತ್ತದೆ. ಪುಷ್ಯ ಮಾಘದ ಬೆಳಗ್ಗೆ ಬಾಟಲಿಯೊಳಗೆ ಏನಾಗುತ್ತದೋ ಡಿಫ್‌ನೊಳಗೂ ಅದೇ ಆಗುತ್ತದೆ, ಮಧ್ಯಾಹ್ನದ ಹೊತ್ತಿಗೆ ಕಾರಿನ ಸ್ವಭಾವವೇ ಬದಲಾಗಿರುತ್ತದೆ.

ಗೇರ್ ಡಿಫ್ ಇರುವ ಕಾರಿನಲ್ಲಿ ಕೆಲಸ ಕಡಿಮೆ. ಒಳಗಿನ ಪುಟ್ಟ ಬೆವೆಲ್ ಗೇರುಗಳಲ್ಲಿ ಹಲ್ಲು ಮುರಿದಿದೆಯೇ, ಅವು ಕೂರುವ ಅಡ್ಡಪಿನ್ ಬಾಗಿದೆಯೇ ಎಂದು ನೋಡಿ. ಒಂದು ಹಲ್ಲು ಮುರಿದರೆ ಪ್ರತಿ ಸುತ್ತಿಗೊಮ್ಮೆ ಟಕ್ ಎಂಬ ಸದ್ದು ಬರುತ್ತದೆ. ಓ-ರಿಂಗ್ ಇದ್ದು ಮುಚ್ಚಿಕೊಳ್ಳುವ ಡಿಫ್ ಆದರೆ ಸಿಲಿಕೋನ್ ಎಣ್ಣೆ ಹಾಕಬಹುದು. ನೀರಿನ ಸ್ನಿಗ್ಧತೆ ಸುಮಾರು 1 ಸೆಂಟಿಸ್ಟೋಕ್; ನಾಲ್ಕು ಚಕ್ರ ಚಾಲನೆಯ 1:18 ಕಾರಿಗೆ ನಾನು ಆರಂಭಿಸುವುದು ಮುಂದೆ 10,000, ಹಿಂದೆ 3,000 ಸೆಂಟಿಸ್ಟೋಕ್‌ನಿಂದ. ತಿರುವಿನಲ್ಲಿ ಹಿಂಭಾಗ ಜಾರಿದರೆ ಹಿಂದಿನದನ್ನು ಇನ್ನೂ ತೆಳುವಾಗಿಸುತ್ತೇನೆ. 1:28ರ ಹೆಚ್ಚಿನ ಡಿಫ್‌ಗಳು ಎಣ್ಣೆ ನಿಲ್ಲುವಷ್ಟು ಮುಚ್ಚಿಕೊಳ್ಳುವುದಿಲ್ಲ, ಅವುಗಳಿಗೆ ಗಟ್ಟಿ ಗ್ರೀಸೇ ಸರಿ. ಮುಂದಿನ ಮತ್ತು ಹಿಂದಿನ ಡಿಫ್ ಒಂದೇ ಅಳತೆಯವಾಗಿದ್ದರೆ ಎರಡನ್ನೂ ಅದಲುಬದಲು ಮಾಡಿ ಓಡಿಸಿ. ದೋಷ ಜಾಗ ಬದಲಿಸಿದರೆ ಯಾವುದು ಕೆಟ್ಟಿದೆ ಎಂದು ಬಿಡಿಭಾಗ ತರಿಸುವ ಮೊದಲೇ ತಿಳಿಯುತ್ತದೆ.

ಹೊಸದಾಗಿ ಜೋಡಿಸಿದ ಬಾಲ್ ಡಿಫ್ ಅನ್ನು ಕೂಡಲೇ ಪೂರ್ತಿ ಬಿಗಿ ಮಾಡಬೇಡಿ. ಸ್ಪರ್ ಗೇರು ಹೆಬ್ಬೆರಳಿಗೆ ಕಷ್ಟದಿಂದ ಜಾರುವಷ್ಟು ಬಿಗಿ ಮಾಡಿ, ಒಂದು ಚಕ್ರವನ್ನು ಹಿಡಿದುಕೊಂಡು ಅತಿ ಕಡಿಮೆ ಥ್ರಾಟಲ್‌ನಲ್ಲಿ ಅರ್ಧ ನಿಮಿಷ, ಆಮೇಲೆ ಇನ್ನೊಂದನ್ನು ಹಿಡಿದು ಅರ್ಧ ನಿಮಿಷ ತಿರುಗಿಸಿ. ಗುಂಡುಗಳು ತಮ್ಮ ದಾರಿಯಲ್ಲಿ ಕೂತ ಮೇಲೆ ತಿರುಪನ್ನು ಎಂಟನೇ ಒಂದು ಸುತ್ತಿನಂತೆ ಬಿಗಿ ಮಾಡುತ್ತ, ಹೆಬ್ಬೆರಳಿಗೆ ಗೇರು ಜಾರದ ಹಂತಕ್ಕೆ ತನ್ನಿ. ಅಲ್ಲಿಂದಾಚೆಗೆ ಬಿಗಿ ಮಾಡಿದರೆ ಬಿಲ್ಲೆಯ ಮೇಲೆ ಗುಂಡಿನ ಗುಳಿ ಬೀಳುತ್ತದೆ. ಹತ್ತು ನಿಮಿಷ ಓಡಿಸಿ ಮತ್ತೊಮ್ಮೆ ಪರೀಕ್ಷಿಸಿ, ಬೇಕಿದ್ದರೆ ಇನ್ನೊಂದು ಎಂಟನೇ ಸುತ್ತು. ಈಗ ಸೀಮೆಸುಣ್ಣದ ಗುರುತಿಗೆ ಮರಳಿ ಎರಡೂ ವೃತ್ತಗಳನ್ನು ಅಳೆಯಿರಿ. ಅವು ಬೆರಳಗಲದೊಳಗೆ ಸಮ ಬಂದ ಬಳಿಕ, ನೇರ ಓಟದಲ್ಲಿ ಉಳಿದ ತುಸು ಎಳೆತಕ್ಕೆ ಟ್ರಿಮ್ ಗುಂಡಿಯನ್ನು ಒಂದು ಸಲವೋ ಎರಡು ಸಲವೋ ಒತ್ತಿ, ಆ ಸಂಖ್ಯೆಯನ್ನೂ ಎರಡು ವ್ಯಾಸಗಳನ್ನೂ ದಿನಾಂಕದೊಂದಿಗೆ ಒಂದು ಚೀಟಿಯಲ್ಲಿ ಬರೆದು ರಿಮೋಟಿನ ಬ್ಯಾಟರಿ ಮುಚ್ಚಳದ ಒಳಗೆ ಅಂಟಿಸಿಡಿ.